ಅಂಜಿಕೆಯ ಕುಲಗೋತ್ರ

ಕ್ರಿಸ್ತಶಕ 1470ರ ಆಸುಪಾಸಿನಲ್ಲಿ, ಬೀದರವು ಬಹಮನಿ ಸುಲ್ತಾನರ ರಾಜಧಾನಿಯಾಗಿ ತನ್ನ ವೈಭವದ ಮಧ್ಯಾಹ್ನವನ್ನು ಕಾಣುತ್ತಿದ್ದ ಕಾಲದಲ್ಲಿ, ರಷ್ಯಾ ದೇಶದ ತ್ವೇರ್ ಪಟ್ಟಣದ ವರ್ತಕನಾದ ಅಫನಾಸಿ ನಿಕಿತಿನ್ ಎಂಬಾತನು, ಮಾರುವುದಕ್ಕೆಂದು ತಂದ ಒಂದು ಗಂಡುಕುದುರೆಯೊಡನೆ ಚೌಲ್ ಬಂದರಿನಲ್ಲಿಳಿದು, ಜುನ್ನರಿನಲ್ಲಿ ಮಳೆಗಾಲವನ್ನು ಕಳೆದು, ಈ ಊರಿಗೆ ಬಂದು ಸೇರಿದನು. ಸುಲ್ತಾನನ ಸವಾರಿ, ಆನೆಗಳ ಅಲಂಕಾರ, ಸರದಾರರ ಭೋಗ, ಹಳ್ಳಿಗರ ದಾರಿದ್ರ್ಯ ಇವೆಲ್ಲವನ್ನೂ ವ್ಯಾಪಾರಿಯ ಎಚ್ಚರದಿಂದ ಕಂಡು ಬರೆದಿಟ್ಟ ಆ ಮನುಷ್ಯನು, ನಡುವೆ ಒಂದು ಕಡೆ, ಬೀದರದ ಬೀದಿಗಳಲ್ಲಿ ಎರಡು ಸಾಝೆನ್ ಉದ್ದದ ಹಾವುಗಳು ಹರಿದಾಡುತ್ತವೆ ಎಂದೂ, ಅಳಂದದಲ್ಲಿ ಗುಕುಕ್ ಎಂಬ ಹಕ್ಕಿಯೊಂದು ಇರುಳಿನಲ್ಲಿ ಹಾರುತ್ತ ಕೂಗುತ್ತದೆ, ಅದು ಯಾರ ಮನೆಯ ಮೇಲೆ ಕುಳಿತೀತೋ ಆ ಮನೆಯಲ್ಲಿ ಸಾವು ಸಂಭವಿಸುತ್ತದೆ, ಕೊಲ್ಲಹೋದವನ ಮೇಲೆ ಅದು ಬಾಯಿಂದ ಬೆಂಕಿಯನ್ನು ಕಾರುತ್ತದೆ ಎಂದೂ ಬರೆದಿದ್ದಾನೆ.

ಸಾಝೆನ್ ಎಂಬುದು ರಷ್ಯನ್ನರು ಎರಡು ಕೈಗಳನ್ನೂ ಚಾಚಿ ಅಳೆಯುತ್ತಿದ್ದ ಅಳತೆ; ನಮ್ಮ ಮಾರು ಎಂಬುದಕ್ಕೆ ಸರಿಸುಮಾರು ಸಮಾನವಾದುದು. ಎರಡು ಮಾರುದ್ದದ ಹಾವು ಬೀದರದ ಓಣಿಗಳಲ್ಲಿ ಹರಿಯುತ್ತಿದ್ದುದೇ ನಿಜವಾದರೆ ಅದು ಇಲಿಗಳನ್ನು ಹುಡುಕಿಕೊಂಡು ಬಂದ ನಿರಪರಾಧಿಯಾದ ಕೇರೆಯೇ ಆಗಿರಬೇಕು, ಅದರ ಉದ್ದದಲ್ಲಿ ಒಂದು ಪಾಲು ಹಾವಿಗೆ ಸೇರಿದ್ದು, ಉಳಿದ ಪಾಲು ನೋಡಿದವನ ಎದೆಬಡಿತಕ್ಕೆ ಸೇರಿದ್ದು. ಇನ್ನು ಗುಕುಕ್ ನಮ್ಮ ಗೂಗೆಯಲ್ಲದೆ ಬೇರೆಯಲ್ಲ. ಅದರ ಕೂಗು ಅಪಶಕುನವೆಂಬ ನಂಬಿಕೆಯು ಈ ಸೀಮೆಯಲ್ಲಿ ಇಂದಿಗೂ ಬದುಕಿದೆ. ಇಷ್ಟು ದೂರ ಬಂದ ಪರದೇಶಿಯು ಇಲ್ಲಿಯ ಸರಕುಗಳ ಧಾರಣೆಯೊಡನೆ ಇಲ್ಲಿಯ ಅಂಜಿಕೆಗಳನ್ನೂ ಕೇಳಿ ಬರೆದುಕೊಂಡದ್ದು ನನಗೆ ಬಹಳ ಅರ್ಥವತ್ತಾಗಿ ತೋರುತ್ತದೆ. ಏಕೆಂದರೆ ಒಂದು ನಾಡಿನ ಸಂಪತ್ತು ಎಷ್ಟೆಂಬುದು ಅದರ ಪೇಟೆಯಿಂದ ತಿಳಿದರೆ, ಅದರ ಮನಸ್ಸು ಎಂಥದೆಂಬುದು ಅದು ಯಾವುದಕ್ಕೆ ಹೆದರುತ್ತದೆ ಎಂಬುದರಿಂದ ತಿಳಿಯುತ್ತದೆ.

ಇಂಥ ಅಂಜಿಕೆಗಳಲ್ಲಿ ಕಾರಣದ ಅಳತೆಯನ್ನು ಮೀರಿ ಬೆಳೆದು, ಮನುಷ್ಯನ ದಿನಚರಿಯನ್ನೇ ಕುಗ್ಗಿಸಿಬಿಡುವಂಥವನ್ನು ಇಂದು ವೈದ್ಯರು ಫೋಬಿಯಾ ಎಂದು ಕರೆಯುತ್ತಾರೆ. ಕನ್ನಡ ವೃತ್ತಪತ್ರಿಕೆಗಳೂ ಆ ಮಾತನ್ನು ಹಾಗೆಯೇ ಅಳವಡಿಸಿಕೊಂಡಿವೆ. ಎತ್ತರಕ್ಕೆ ಒಂದು ಫೋಬಿಯಾ, ಇಕ್ಕಟ್ಟಿಗೆ ಒಂದು, ಜೇಡಕ್ಕೆ ಒಂದು, ಪರೀಕ್ಷೆಗೆ ಒಂದು, ಹೀಗೆ ಅದರ ಸಂತತಿಯು ಕೌರವರ ಸಂಖ್ಯೆಯನ್ನೂ ಹಿಂದೆ ಹಾಕಿದೆ. ಆದರೆ ಮೂಲಪುರುಷನಾದ ಫೋಬೊಸ್ ಎಂಬುವನ ಚರಿತ್ರೆಯನ್ನು ವಿಚಾರಿಸುವವರು ವಿರಳ. ಆ ಚರಿತ್ರೆಯು ವೈದ್ಯಶಾಲೆಯಲ್ಲಿ ಆರಂಭವಾಗುವುದಿಲ್ಲ, ರಣರಂಗದಲ್ಲಿ ಆರಂಭವಾಗುತ್ತದೆ.

ಹೋಮರನು ರಚಿಸಿದ, ಗ್ರೀಕರ ಆದಿಕಾವ್ಯವಾದ ಇಲಿಯಡ್‌ನಲ್ಲಿ ಫೋಬೊಸ್ ಎಂಬ ಶಬ್ದಕ್ಕೆ ಮುಖ್ಯಾರ್ಥವು ಭಯವಲ್ಲ, ಪಲಾಯನ. ಸೇನೆಯೊಂದು ಎದುರಾಳಿಯ ರಭಸವನ್ನು ತಡೆಯಲಾರದೆ ವ್ಯೂಹ ಒಡೆದು, ಆಯುಧಗಳನ್ನು ಎಸೆದು, ಬೆನ್ನು ತಿರುಗಿಸಿ ಓಡುವುದೇ ಫೋಬೊಸ್. ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಗ್ರಂಥಭಂಡಾರದ ಅಧಿಪತಿಯಾಗಿದ್ದ ಅರಿಸ್ಟಾರ್ಕಸ್ ಎಂಬ ವಿದ್ವಾಂಸನು, ಹೋಮರನ ಕಾವ್ಯಪಾಠವನ್ನು ಅಕ್ಷರಕ್ಷರವಾಗಿ ಶೋಧಿಸಿದವನು, ತನ್ನ ಕಾಲದ ಓದುಗರು ಈ ಶಬ್ದವನ್ನು ಕಂಡಕೂಡಲೇ ಭಯವೆಂದು ಅರ್ಥಮಾಡಿಕೊಂಡು ಮೋಸಹೋಗುವುದನ್ನು ಕಂಡು, ಹೋಮರನಲ್ಲಿ ಇದಕ್ಕೆ ಓಟವೆಂದೇ ಅರ್ಥವೆಂದು ಎಚ್ಚರಿಸಿದನು. ಓಡು ಎಂಬರ್ಥದ ಒಂದು ಪ್ರಾಚೀನ ಧಾತುವಿನಿಂದ ಹುಟ್ಟಿದ ಶಬ್ದವಿದು. ಅದೇ ಧಾತುವಿನ ಕುಡಿಗಳು ಓಟವನ್ನು ಹೇಳುವ ರಷ್ಯನ್ ಮತ್ತು ಲಿಥುವೇನಿಯನ್ ಮಾತುಗಳಲ್ಲಿಯೂ ಉಂಟು. ಸಂಸ್ಕೃತದ ಭಯವೂ ಗ್ರೀಕಿನ ಫೋಬೊಸೂ ಅಣ್ಣತಮ್ಮಂದಿರಂತೆ ಕೇಳಿಸಿದರೂ ಅವುಗಳ ಗೋತ್ರ ಬೇರೆ. ಭಯವು ಭೀ ಎಂಬ ಇನ್ನೊಂದು ಧಾತುವಿನ ಸಂತಾನ. ಹಾಗೆಯೇ ಬೀದರದ ಓಣಿಯಲ್ಲಿ ದಖ್ಖನಿ ಮಾತನಾಡುವವರು ಓಡು ಎಂಬುದಕ್ಕೆ ಭಾಗ್ ಎನ್ನುವುದನ್ನು ಕೇಳಿ, ಇಗೋ ಫೋಬೊಸ್‌ನ ಬಂಧು ಸಿಕ್ಕಿದನೆಂದು ಸಂಭ್ರಮಪಡುವ ಹಾಗೂ ಇಲ್ಲ. ಮುರಿದದ್ದು ಎಂಬರ್ಥದ ಭಗ್ನ ಶಬ್ದಕ್ಕೆ ಅದರ ಸಂಬಂಧವನ್ನು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಆದರೂ ಮುರಿದ ಸೈನ್ಯವೇ ಓಡುವ ಸೈನ್ಯವಾದುದರಿಂದ, ಅರ್ಥದ ಹಾದಿಯಲ್ಲಿ ಇವೆರಡೂ ಒಂದೇ ರಣರಂಗವನ್ನು ಬಲ್ಲವು.

ಕ್ರಿಯೆಯಾಗಿದ್ದ ಓಟವು ತರುವಾಯ ದೇವತೆಯಾಯಿತು. ಹೆಸಿಯೊಡ್ ಕವಿಯ ವಂಶಾವಳಿಯ ಪ್ರಕಾರ, ಯುದ್ಧದೇವನಾದ ಆರೆಸ್ ಮತ್ತು ಪ್ರೇಮದೇವತೆಯಾದ ಅಫ್ರೊಡೈಟಿ ಇವರ ಮಕ್ಕಳು ಫೋಬೊಸ್, ಡೈಮೊಸ್ ಎಂಬ ಇಬ್ಬರು ಗಂಡುಮಕ್ಕಳು, ಹರ್ಮೋನಿಯ ಎಂಬ ಒಬ್ಬಳು ಮಗಳು. ಅಣ್ಣಂದಿರು ಒತ್ತಾಗಿ ನಿಂತ ಯೋಧರ ಸಾಲುಗಳನ್ನು ಚದುರಿಸುವವರು, ತಂಗಿಯು ಕೂಡಿಸುವವಳು. ಗ್ರೀಕ್ ಸೇನಾಪತಿ ಅಗಮೆಮ್ನಾನನ ಗುರಾಣಿಯ ಮೇಲೆ ಗೋರ್ಗನ್ನಿನ ಘೋರ ಮುಖದ ಅಕ್ಕಪಕ್ಕದಲ್ಲಿ ಈ ಇಬ್ಬರು ಸೋದರರು ಚಿತ್ರಿತರಾಗಿದ್ದರೆಂದು ಹೋಮರನು ವರ್ಣಿಸುತ್ತಾನೆ. ಥೀಬ್ಸ್ ನಗರವನ್ನು ಮುತ್ತಿದ ಏಳು ವೀರರು ಹೋರಿಯ ರಕ್ತದಲ್ಲಿ ಕೈಯದ್ದಿ ಫೋಬೊಸ್‌ನ ಹೆಸರಿನಲ್ಲಿ ಪ್ರತಿಜ್ಞೆ ಮಾಡಿದರೆಂದು ಎಸ್ಕಿಲಸ್ ನಾಟಕಕಾರನು ಹೇಳುತ್ತಾನೆ. ಕ್ರಿಸ್ತಪೂರ್ವ 331ರಲ್ಲಿ ಗೌಗಮೆಲದ ಯುದ್ಧದ ಹಿಂದಿನ ರಾತ್ರಿ ಅಲೆಕ್ಸಾಂಡರನು ಇದೇ ದೇವತೆಗೆ ಬಲಿಯರ್ಪಿಸಿದನೆಂದು ಪ್ಲುಟಾರ್ಕನು ಬರೆದಿದ್ದಾನೆ. ಅಲೆಕ್ಸಾಂಡರನು ಬೇಡಿಕೊಂಡದ್ದು ತನಗೆ ಧೈರ್ಯ ಬರಲೆಂದಷ್ಟೇ ಅಲ್ಲ. ಈ ದೇವತೆಯು ತನ್ನ ಪಾಳೆಯವನ್ನು ಬಿಟ್ಟು ಪರ್ಷಿಯನ್ನರ ಪಾಳೆಯಕ್ಕೆ ಬಿಜಯಮಾಡಲಿ ಎಂಬುದೇ ಆ ಪೂಜೆಯ ಒಳಗುಟ್ಟು. ಸ್ಪಾರ್ಟಾದವರಂತೂ ಫೋಬೊಸ್‌ಗೆ ದೇವಾಲಯವನ್ನೇ ಕಟ್ಟಿದ್ದರು. ಅದು ದುಷ್ಟಶಕ್ತಿಯ ಶಮನಕ್ಕೆಂದಲ್ಲ. ರಾಜ್ಯವ್ಯವಸ್ಥೆಯು ನಿಂತಿರುವುದೇ ಹಿತವಾದ ಅಂಜಿಕೆಯ ಮೇಲೆ ಎಂಬ ತಿಳಿವಿನಿಂದ. ನಮ್ಮ ಹಿರಿಯರು ದೇವರಿಗೆ ಅಂಜಿ ನಡೆ ಎಂದಾಗ ಅವರ ಮನಸ್ಸಿನಲ್ಲಿದ್ದುದೂ ಇದಕ್ಕೆ ದೂರವಾದುದಲ್ಲ. (1877ರಲ್ಲಿ ವಾಷಿಂಗ್ಟನ್ನಿನ ಖಗೋಳ ವೀಕ್ಷಕನಾದ ಅಸಾಫ್ ಹಾಲ್ ಎಂಬುವನು ಮಂಗಳಗ್ರಹದ ಎರಡು ಚಂದ್ರರನ್ನು ಕಂಡುಹಿಡಿದಾಗ, ಯುದ್ಧದೇವನ ಗ್ರಹಕ್ಕೆ ಅವನ ಮಕ್ಕಳೇ ಪರಿಚಾರಕರಾಗಲೆಂದು ಫೋಬೊಸ್, ಡೈಮೊಸ್ ಎಂಬ ಹೆಸರುಗಳನ್ನೇ ಇಟ್ಟರು. ಎಂಟು ಗಂಟೆಗೂ ಕಡಿಮೆ ಅವಧಿಯಲ್ಲಿ ಮಂಗಳನನ್ನು ಒಂದು ಸುತ್ತು ಹಾಕುವ ಆ ಫೋಬೊಸ್ ಇನ್ನೂ ಓಡುತ್ತಲೇ ಇದೆ.)

ಸಾಮೂಹಿಕವಾದ ಈ ಓಟವು ಒಬ್ಬ ವ್ಯಕ್ತಿಯ ಎದೆಯೊಳಗಿನ ವ್ಯಾಧಿಯಾಗಿ ಸಂಕೋಚಗೊಂಡದ್ದು ಹೇಗೆ? ಗ್ರೀಕ್ ವೈದ್ಯರೇ ಇದರ ಸುಳಿವನ್ನು ಕಂಡಿದ್ದರು. ಹಿಪ್ಪೊಕ್ರೆಟಿಸನ ಹೆಸರಿನಲ್ಲಿ ಬಂದಿರುವ ಗ್ರಂಥಗಳಲ್ಲಿ ಇಬ್ಬರು ರೋಗಿಗಳ ವೃತ್ತಾಂತವಿದೆ. ನಿಕಾನೋರ್ ಎಂಬುವನಿಗೆ ಪಾನಗೋಷ್ಠಿಗೆ ಹೋದಾಗ, ಇರುಳಿನಲ್ಲಿ ಕೊಳಲೂದುವ ಹೆಣ್ಣಿನ ಮೊದಲ ಸ್ವರವು ಕಿವಿಗೆ ಬಿದ್ದೊಡನೆ ತಡೆಯಲಾರದ ದಿಗಿಲು ಹುಟ್ಟುತ್ತಿತ್ತು. ಹಗಲಿನಲ್ಲಿ ಅದೇ ಕೊಳಲು ಅವನನ್ನು ಏನೂ ಮಾಡುತ್ತಿರಲಿಲ್ಲ. ಅವನ ಒಡನಾಡಿಯಾದ ದೆಮೋಕ್ಲೆಸ್ ಎಂಬುವನು ಕಣಿವೆಯ ಅಂಚಿನಲ್ಲಾಗಲಿ ಸೇತುವೆಯ ಮೇಲಾಗಲಿ ನಡೆಯಲಾರನು, ಆಳವೇ ಇಲ್ಲದ ಕಾಲುವೆಯನ್ನು ಸಹ ದಾಟಲಾರನು, ಆದರೆ ಅದೇ ಕಾಲುವೆಯೊಳಕ್ಕೆ ಇಳಿದು ನಡೆದುಹೋಗಬಲ್ಲನು. ಎರಡು ಸಾವಿರದ ನಾನೂರು ವರ್ಷಗಳಷ್ಟು ಹಿಂದಿನ ಈ ಟಿಪ್ಪಣಿಗಳಲ್ಲಿ ವೈದ್ಯನು ಭೂತವನ್ನು ದೂರಲಿಲ್ಲ, ದೇವತೆಯ ಕೋಪವನ್ನೂ ಹೇಳಲಿಲ್ಲ. ಕಂಡದ್ದನ್ನು ಕಂಡಂತೆ ಬರೆದನು. ಇಷ್ಟನ್ನು ಮಾಡುವುದೇ ಎಷ್ಟು ಕಷ್ಟವೆಂಬುದು ಭಾನಾಮತಿ ಎಂಬ ಮಾಟದ ಹೆಸರು ಹೇಳಿದರೆ ಇಂದಿಗೂ ದನಿ ತಗ್ಗಿಸುವ ನಮ್ಮ ಸೀಮೆಯವರಿಗೆ ತಿಳಿಯದುದಲ್ಲ. ಮೈಮೇಲೆ ತಾನಾಗಿ ಗಾಯಗಳೇಳುವುದು, ಅಟ್ಟದ ಮೇಲಿನ ಬಟ್ಟೆಗೆ ತಾನಾಗಿ ಬೆಂಕಿ ಹತ್ತುವುದು ಮುಂತಾಗಿ ಬೀದರ, ಕಲಬುರಗಿ ಜಿಲ್ಲೆಗಳಲ್ಲಿಯೂ ನೆರೆಯ ತೆಲಂಗಾಣ, ಮರಾಠವಾಡಗಳಲ್ಲಿಯೂ ಆ ಹೆಸರಿಗೆ ಆರೋಪಿಸಲ್ಪಡುವ ಉಪದ್ರವಗಳು ಒಂದೆರಡಲ್ಲ. ಅಂಜಿದ ಮನೆಯವರು ಮೊದಲು ಹುಡುಕುವುದು ವೈದ್ಯನನ್ನಲ್ಲ, ಮಾಟ ಮಾಡಿಸಿದ ನೆರೆಯವನನ್ನು.

ವೈದ್ಯಶಾಸ್ತ್ರದಲ್ಲಿ ಫೋಬಿಯಾ ಎಂಬ ಬಾಲವನ್ನು ಹೊತ್ತು ಮೊದಲು ಪ್ರಸಿದ್ಧವಾದ ಶಬ್ದವು ಹೈಡ್ರೋಫೋಬಿಯಾ. ಹುಚ್ಚುನಾಯಿ ಕಚ್ಚಿದವನು ನೀರನ್ನು ಕಂಡು ಬೆದರುವ ಈ ಅವಸ್ಥೆಯನ್ನು ಗ್ರೀಕರು ಈ ಹೆಸರಿನಿಂದ ಕರೆಯುತ್ತಾರೆಂದು ಒಂದನೆಯ ಶತಮಾನದ ಲ್ಯಾಟಿನ್ ಗ್ರಂಥಕಾರನಾದ ಸೆಲ್ಸಸ್ ದಾಖಲಿಸಿದ್ದಾನೆ. ಆಶ್ಚರ್ಯದ ಸಂಗತಿಯೆಂದರೆ, ನಮ್ಮ ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿಯೂ ಇದೇ ಲಕ್ಷಣಕ್ಕೆ ಜಲತ್ರಾಸವೆಂಬ, ಅಚ್ಚಿನಲ್ಲಿ ಎರಕಹೊಯ್ದಂತೆ ಹೊಂದುವ ಸಮಾಸವಿದೆ. ಅದು ಕಾಣಿಸಿಕೊಂಡ ರೋಗಿಯು ಬದುಕುವುದಿಲ್ಲವೆಂಬ ನಿರ್ಣಯವೂ ಅಲ್ಲಿಯೇ ಇದೆ. ಆದರೆ ಈ ಫೋಬಿಯಾದಲ್ಲಿ ಮನಸ್ಸಿನ ಅಪರಾಧವೇನೂ ಇಲ್ಲ. ರೇಬೀಸ್ ವಿಷಾಣುವು ನರಗಳ ದಾರಿಯಿಂದ ಮಿದುಳನ್ನು ಸೇರಿದ ಮೇಲೆ, ನುಂಗುವ ಪ್ರಯತ್ನಮಾತ್ರದಿಂದ ಗಂಟಲಿನ ಸ್ನಾಯುಗಳು ಸೆಟೆದು ಉಸಿರು ಕಟ್ಟುತ್ತದೆ. ಆ ಯಾತನೆಯ ನೆನಪಿನಿಂದ ನೀರಿನ ಲೋಟವೇ ಯಮನಾಗಿ ಕಾಣುತ್ತದೆ. ಲಕ್ಷಣ ತಲೆದೋರಿದ ಮೇಲೆ ಈ ರೋಗಕ್ಕೆ ಬಹುತೇಕ ಮದ್ದಿಲ್ಲ. ಆದುದರಿಂದ ನಾಯಿ ಕಚ್ಚಿದ ಗಾಯವನ್ನು ಸಾಬೂನು ಹಚ್ಚಿ ಹದಿನೈದು ನಿಮಿಷಗಳ ಕಾಲ ಹರಿಯುವ ನೀರಿನಲ್ಲಿ ತೊಳೆದು, ಅಂದೇ ಲಸಿಕೆ ಹಾಕಿಸಿಕೊಳ್ಳತಕ್ಕದ್ದು. ಗಾಯಕ್ಕೆ ಸುಣ್ಣ, ಖಾರ ಮೆತ್ತುತ್ತ ಕಾಲಹರಣ ಮಾಡಬಾರದು. ವಿಷಯಾಂತರವಾಯಿತಾದರೂ ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸೊಪ್ಪದು.

ಹದಿನೆಂಟನೆಯ ಶತಮಾನದ ಕಡೆಯ ಭಾಗದಲ್ಲಿ ಫಿಲಡೆಲ್ಫಿಯಾದ ವೈದ್ಯನೂ ಅಮೆರಿಕದ ಸ್ವಾತಂತ್ರ್ಯಪತ್ರಕ್ಕೆ ರುಜು ಹಾಕಿದವನೂ ಆದ ಬೆಂಜಮಿನ್ ರಷ್, ಈ ಬಾಲವನ್ನು ಹೈಡ್ರೋದಿಂದ ಕತ್ತರಿಸಿ, ಕಾರಣವಿಲ್ಲದ ಭಯಗಳಿಗೆಲ್ಲ ಅಂಟಿಸತೊಡಗಿದನು. ಬೆಕ್ಕಿನ ಭಯ, ಭೂತದ ಭಯ, ವೈದ್ಯನ ಭಯ ಎಂದು ಪಟ್ಟಿಮಾಡುತ್ತ, ಮದ್ಯದ ಭಯವೆಂಬುದು ಅತ್ಯಂತ ಅಪರೂಪದ ಕಾಯಿಲೆ ಎಂದು ವಿನೋದವನ್ನೂ ಮಾಡಿದನು. 1871ರಲ್ಲಿ ಬರ್ಲಿನ್ನಿನ ಕಾರ್ಲ್ ವೆಸ್ಟ್‌ಫಾಲ್, ನಗರದ ಬಯಲುಚೌಕಗಳನ್ನು ದಾಟಲಾರದೆ ತತ್ತರಿಸುವ ರೋಗಿಗಳನ್ನು ವರ್ಣಿಸಿ, ಪೇಟೆಯ ಬಯಲಿಗೆ ಗ್ರೀಕರು ಹೇಳುತ್ತಿದ್ದ ಅಗೊರ ಎಂಬ ಮಾತಿನಿಂದ ಅಗೊರಫೋಬಿಯಾ ಎಂಬ ಹೆಸರನ್ನು ಕಟ್ಟಿದನು. ನಾಲ್ಕು ಬೀದಿಗಳು ಕೂಡುವ ಬೀದರದ ಚೌಬಾರದ ಗೋಪುರದ ಕೆಳಗೆ, ಎದುರಿನ ಅಂಗಡಿಗೆ ಹೋಗಲಾರದೆ ಗೋಡೆಗೆ ಆತು ನಿಂತ ಒಬ್ಬಾತನನ್ನು ಊಹಿಸಿಕೊಂಡರೆ ಆ ರೋಗಿಯ ಅವಸ್ಥೆಯು ಅರ್ಥವಾದೀತು. 1879ರಲ್ಲಿ ಪ್ಯಾರಿಸಿನ ಬೆಂಜಮಿನ್ ಬಾಲ್ ಇದಕ್ಕೆ ಪ್ರತಿಯಾಗಿ, ಮುಚ್ಚಿದ ಜಾಗದ ಅಂಜಿಕೆಗೆ ಕ್ಲಾಸ್ಟ್ರೋಫೋಬಿಯಾ ಎಂದನು. ಅಲ್ಲಿಂದೀಚೆಗೆ ನಾಮಕರಣದ ಉತ್ಸಾಹಕ್ಕೆ ಮಿತಿಯಿಲ್ಲವಾಯಿತು. ಗ್ರೀಕ್ ನಿಘಂಟನ್ನು ಕೈಯಲ್ಲಿ ಹಿಡಿದ ಯಾರಾದರೂ ತಮಗೆ ಬೇಕಾದ ಭಯವನ್ನು ಸೃಷ್ಟಿಸಬಹುದೆಂಬಂತಾಯಿತು. ಹದಿಮೂರರ ಅಂಕಿಯ ಭಯಕ್ಕೆ ಬಾಯಿಯಲ್ಲಿ ಹಿಡಿಸದಷ್ಟು ಉದ್ದದ ಹೆಸರುಂಟು; ಆ ಹೆಸರನ್ನು ಕಲಿತವನಿಗೆ ಹದಿಮೂರರ ಭಯದ ವಿಷಯವಾಗಿ ಕಲಿತದ್ದು ಏನೂ ಇಲ್ಲ.

ಹಾಗಾದರೆ ಈ ಅಂಜಿಕೆಯ ಸ್ವರೂಪವೇನು? ಕತ್ತಲಲ್ಲಿ ಹಗ್ಗವನ್ನು ಹಾವೆಂದು ಭ್ರಮಿಸಿದವನ ದೃಷ್ಟಾಂತವು ವೇದಾಂತದಿಂದ ನಮಗೆಲ್ಲ ಪರಿಚಿತ. ದೀಪ ಬಂದೊಡನೆ ಹಾವು ಹೋಯಿತು, ಹಾವಿನೊಡನೆ ಭಯವೂ ಹೋಯಿತು. ಜ್ಞಾನವು ಭಯಕ್ಕೆ ಪರಿಹಾರವೆಂಬುದು ಅದರ ತಾತ್ಪರ್ಯ. ಬೃಹದಾರಣ್ಯಕ ಉಪನಿಷತ್ತಿನಲ್ಲಿಯೂ ಸೃಷ್ಟಿಯ ಆದಿಯಲ್ಲಿ ಒಂಟಿಯಾಗಿದ್ದ ಪುರುಷನು ಹೆದರಿದನೆಂದೂ, ನನ್ನನ್ನು ಬಿಟ್ಟು ಬೇರಾರೂ ಇಲ್ಲದಿರುವಾಗ ಯಾರಿಗೆ ಅಂಜಲಿ ಎಂದು ವಿಚಾರಿಸಿದೊಡನೆ ಅವನ ಹೆದರಿಕೆ ತೊಲಗಿತೆಂದೂ ಒಂದು ಸುಂದರವಾದ ಪ್ರಸಂಗವಿದೆ. ಆದರೆ ಫೋಬಿಯಾಗ್ರಸ್ತನ ದುರವಸ್ಥೆಯು ಈ ದೃಷ್ಟಾಂತಕ್ಕೆ ಸಿಕ್ಕುವುದಿಲ್ಲ. ಅವನು ದೀಪ ಹಿಡಿದೇ ನಿಂತಿದ್ದಾನೆ. ಬಿದ್ದಿರುವುದು ಹಗ್ಗವೆಂಬುದನ್ನು ಎಷ್ಟೋ ಬಾರಿ ಎಲ್ಲರಿಗಿಂತ ಚೆನ್ನಾಗಿ ಬಲ್ಲನು. ಬಲ್ಲೆನೆಂದು ಬಾಯಿಬಿಟ್ಟು ಹೇಳುತ್ತಲೇ ಥರಥರ ನಡುಗುತ್ತಾನೆ. ಅವನಿಗೆ ಬುದ್ಧಿ ಹೇಳುವುದು ವ್ಯರ್ಥ, ಏಕೆಂದರೆ ಅವನ ಬುದ್ಧಿಯು ಸರಿಯಾಗಿಯೇ ಇದೆ. ಮಿದುಳಿನೊಳಗಿನ, ಬಾದಾಮಿಯ ಆಕಾರದ ಒಂದು ಪುಟ್ಟ ಭಾಗವು, ವಿವೇಕವು ಎದ್ದು ಕಣ್ಣುಜ್ಜಿಕೊಳ್ಳುವುದರೊಳಗಾಗಿ ಅಪಾಯದ ಗಂಟೆಯನ್ನು ಬಾರಿಸಿಬಿಡುತ್ತದೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಎದಿ ಧಸಕ್ಕಂತದ, ಕಾರಣವು ಆಮೇಲೆ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಹೃದಯದ ಬಡಿತ ಏರುವುದು ಸಾಮಾನ್ಯ ನಿಯಮ. ಆದರೆ ರಕ್ತವನ್ನೂ ಸೂಜಿಯನ್ನೂ ಕಂಡು ಹೆದರುವವರಲ್ಲಿ ಮಾತ್ರ ರಕ್ತದ ಒತ್ತಡವು ಏರಿ ಥಟ್ಟನೆ ಕುಸಿದು, ಅನೇಕರು ನಿಂತಲ್ಲಿಯೇ ಮೂರ್ಛೆ ಹೋಗುತ್ತಾರೆ. ಇಂಥ ಭೀತಿಯು ಆರು ತಿಂಗಳಿಗೂ ಮೀರಿ ನೆಲೆನಿಂತು, ಭೀತಿಯ ವಸ್ತುವನ್ನು ತಪ್ಪಿಸಿಕೊಳ್ಳುವುದೇ ಬದುಕಿನ ಉದ್ಯೋಗವಾದಾಗ ಅದನ್ನು ವೈದ್ಯರು ರೋಗವೆಂದು ಗಣಿಸುತ್ತಾರೆ.

ಪರಿಹಾರದ ಮಾರ್ಗವನ್ನು ಕಾಣಬೇಕಾದರೆ ಬೀದರದ ಝರಣಿ ನರಸಿಂಹನ ಗುಹೆಗೆ ಹೋಗಬೇಕು. ಜಂಬಿಟ್ಟಿಗೆಯ ಬಂಡೆಯೊಳಗೆ ಸುಮಾರು 300 ಮೀಟರ್ ಉದ್ದದ ಸುರಂಗ. ಅದರಲ್ಲಿ ಸೊಂಟದಿಂದ ಎದೆಯವರೆಗೆ ಬರುವ ನೀರು. ತಲೆಯ ಮೇಲೆ ಕಲ್ಲಿಗೆ ಜೋತುಬಿದ್ದ ಬಾವಲಿಗಳು. ಕೊನೆಯಲ್ಲಿ, ಕೆಲವೇ ಮಂದಿ ನಿಲ್ಲಬಹುದಾದ ಇಕ್ಕಟ್ಟಿನಲ್ಲಿ, ಜಲಾಸುರನನ್ನು ಸಂಹರಿಸಿದನೆಂದು ಪ್ರತೀತಿಯುಳ್ಳ ನರಸಿಂಹ. ಗ್ರೀಕ್ ಪಟ್ಟಿಯಲ್ಲಿನ ನೀರಿನ ಭಯ, ಕತ್ತಲಿನ ಭಯ, ಇಕ್ಕಟ್ಟಿನ ಭಯ, ಬಾವಲಿಯ ಭಯ, ಜನಸಂದಣಿಯ ಭಯ ಇವೆಲ್ಲವನ್ನೂ ಒಂದೇ ಕಡೆ ಸಂಗ್ರಹಿಸಿಡಲು ಯಾವ ಮನೋವೈದ್ಯನೂ ಇದಕ್ಕಿಂತ ಸಮರ್ಥವಾದ ಜಾಗವನ್ನು ಕಟ್ಟಲಾರನು. ಈಗ ಒಳಗೆ ದೀಪಗಳಿವೆ, ಗಾಳಿಯ ವ್ಯವಸ್ಥೆಯಿದೆ. ಆದರೂ ಹೊಸಬರು ಮೊದಲ ಮೆಟ್ಟಿಲಿಳಿದು ನೀರು ಮೊಣಕಾಲಿಗೆ ತಗಲಿದೊಡನೆ ಹಿಂದಕ್ಕೆ ನೋಡುವುದನ್ನು ಅಲ್ಲಿ ಕಾಣಬಹುದು. ಕೂಸುಗಳನ್ನು ತಂದೆಯು ಹೆಗಲ ಮೇಲೆ ಕೂರಿಸಿಕೊಂಡು ಒಯ್ಯುತ್ತಾನೆ. ಕೆಲವು ವರ್ಷಗಳ ಮೇಲೆ ಅದೇ ಮಗು ತಾಯಿಯ ಸೆರಗನ್ನು ಹಿಡಿದು, ನೀರು ಗದ್ದಕ್ಕೆ ಬಂದಾಗ ತುದಿಗಾಲ ಮೇಲೆ ನಿಲ್ಲುತ್ತ, ಗೋವಿಂದಾ ಎಂಬ ಗುಂಪಿನ ಕೂಗಿಗೆ ತನ್ನ ಕೂಗನ್ನೂ ಸೇರಿಸುತ್ತ ಸಾಗುತ್ತದೆ.

ಇದನ್ನೇ ಶಾಸ್ತ್ರವಾಗಿ ಕಂಡವಳು ಮೇರಿ ಕವರ್ ಜೋನ್ಸ್ ಎಂಬ ಅಮೆರಿಕದ ಮನೋವಿಜ್ಞಾನಿ. ಅವಳಿಗಿಂತ ಮುಂಚೆ, 1920ರಲ್ಲಿ, ಜಾನ್ ವಾಟ್ಸನ್ ಮತ್ತು ರೊಸಾಲಿ ರೇನರ್ ಎಂಬಿಬ್ಬರು ಒಂದು ವರ್ಷವೂ ತುಂಬದ ಹಸುಗೂಸಿನ ಮುಂದೆ ಬಿಳಿಯ ಇಲಿಯನ್ನು ಬಿಟ್ಟು, ಮಗು ಅದನ್ನು ಮುಟ್ಟಹೋದಾಗಲೆಲ್ಲ ಹಿಂದಿನಿಂದ ಉಕ್ಕಿನ ಸಲಾಕೆಯನ್ನು ಸುತ್ತಿಗೆಯಿಂದ ಬಡಿದು, ಇಲಿಯನ್ನು ಕಂಡರೇ ಅಳುವಂತೆ ಮಾಡಿ, ಅಂಜಿಕೆಯನ್ನು ಕಲಿಸಬಹುದೆಂಬುದನ್ನು ಸಿದ್ಧಪಡಿಸಿದ್ದರು. ಕಲಿಸಿದ್ದನ್ನು ಮರೆಸುವ ಪ್ರಯತ್ನವನ್ನು ಮಾಡದೆ ಆ ಮಗುವನ್ನು ಕಳುಹಿಸಿಕೊಟ್ಟದ್ದು ವಿಜ್ಞಾನದ ಚರಿತ್ರೆಯಲ್ಲಿ ಒಂದು ಕಳಂಕ. ನನ್ನ ಮಟ್ಟಿಗೆ ಅದನ್ನು ಪ್ರಯೋಗವೆನ್ನಲು ನಾಲಗೆ ಏಳದು. ಜೋನ್ಸ್ ಮಾಡಿದ್ದು ಇದರ ವಿಲೋಮ. 1924ರಲ್ಲಿ ಪ್ರಕಟವಾದ ಅವಳ ವರದಿಯ ಪ್ರಕಾರ, ಮೊಲವನ್ನು ಕಂಡು ಅಂಜುತ್ತಿದ್ದ ಪೀಟರ್ ಎಂಬ ಬಾಲಕನು ತಿನಿಸನ್ನು ತಿನ್ನುತ್ತಿರುವಾಗ ಮೊಲದ ಪಂಜರವನ್ನು ದೂರದಲ್ಲಿಟ್ಟು, ದಿನಕ್ಕಿಷ್ಟು ಹತ್ತಿರ ತರುತ್ತ, ಕೊನೆಗೆ ಅವನೇ ಮೊಲವನ್ನು ಮುದ್ದಿಸುವಂತೆ ಮಾಡಿದಳು. 1958ರಲ್ಲಿ ಜೋಸೆಫ್ ವೋಲ್ಪೆ ಇದನ್ನೇ ವಿಸ್ತರಿಸಿ ಚಿಕಿತ್ಸಾಪದ್ಧತಿಯಾಗಿ ಕಟ್ಟಿದನು. ಇಂದಿಗೂ ಫೋಬಿಯಾಕ್ಕೆ ಅತ್ಯಂತ ಫಲಕಾರಿಯಾದ ಮದ್ದೆಂದರೆ ಹೀಗೆ ಮೆಟ್ಟಿಲುಮೆಟ್ಟಿಲಾಗಿ ಭೀತಿಯ ಎದುರಿಗೆ ಹೋಗಿ, ಓಡದೆ ನಿಲ್ಲುವುದು. ಆದರೆ ಯಾರನ್ನೂ ಹಿಡಿದು ನೀರಿಗೆ ತಳ್ಳತಕ್ಕದ್ದಲ್ಲ. ಅದರಿಂದ ಅಂಜಿಕೆಯು ಇಮ್ಮಡಿಯಾಗುತ್ತದೆಯೇ ಹೊರತು ಇಳಿಯುವುದಿಲ್ಲ. ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ, 2022ರಿಂದ ಸರ್ಕಾರದ ಟೆಲಿಮಾನಸ್ ಸೇವೆಯು 14416 ಎಂಬ ಸಂಖ್ಯೆಯಲ್ಲಿ ಕನ್ನಡದಲ್ಲಿಯೇ ಮಾತನಾಡುತ್ತದೆ.

ಹೆದರಿದವರೆಲ್ಲರನ್ನೂ ಈ ಗ್ರೀಕ್ ಶಬ್ದದೊಳಕ್ಕೆ ತುರುಕುವುದು ಮಾತ್ರ ಅನ್ಯಾಯ. ನಿಜಾಮನ ಆಳಿಕೆಯಲ್ಲಿ ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡವನ್ನು ಕಲಿಸಿದರೆಂಬುದು ಈ ಸೀಮೆಯ ಮನೆಮಾತು. ಆ ಫಲಕವು ಅಂಜಿಕೆಯ ಗುರುತಾಗಿದ್ದರೆ, ಆ ಅಂಜಿಕೆಯು ವಿವೇಕದ ಒಡಹುಟ್ಟು. 1948ರ ಬೇಸಗೆಯಿಂದ ಆ ವರ್ಷದ ಕೊನೆಯವರೆಗೆ, ಮೊದಲು ರಜಾಕಾರರ ದಾಳಿಯಲ್ಲಿಯೂ, ಸೆಪ್ಟೆಂಬರಿನ ಪೋಲೀಸು ಕಾರ್ಯಾಚರಣೆಯ ತರುವಾಯದ ಸೇಡಿನಲ್ಲಿಯೂ, ಬೀದರ ಜಿಲ್ಲೆಯ ಹಳ್ಳಿಗಳಲ್ಲಿ ಒಮ್ಮೆ ಒಂದು ಮತದವರು, ಇನ್ನೊಮ್ಮೆ ಇನ್ನೊಂದು ಮತದವರು ಇರುಳೆಲ್ಲ ಎಚ್ಚರವಿದ್ದರು. ಅವರ ಭಯಕ್ಕೆ ಕಾರಣವು ಬಾಗಿಲಲ್ಲಿಯೇ ನಿಂತಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿಯನ್ನು ಕಳುಹಿಸಿ ಬಂದು ಜನ ಮಲಗಿದ್ದಾಗ, ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿ ಸುಮಾರು 10,000 ಮಂದಿ ಮಡಿದರು. ಆ ಕಂಪನವು ಗಡಿಯ ಈಚೆಗಿನ ಭಾಲ್ಕಿ, ಔರಾದಗಳನ್ನೂ ತಟ್ಟಿತು. ಅಲ್ಲಿ ಕೊಂದದ್ದು ಭೂಮಿಯಲ್ಲ, ದಪ್ಪ ಕಲ್ಲುಗೋಡೆಗಳ ಮೇಲೆ ಹೇರಿದ ಮಣ್ಣಿನ ಮಾಳಿಗೆ. ಈಚೆಯ ಹಳ್ಳಿಗಳ ಮನೆಗಳೂ ಅದೇ ಕಟ್ಟಡದವು. ತನ್ನ ಮಾಳಿಗೆಯ ಕೆಳಗೆ ಮಲಗಲು ಹೆದರಿ ಅಂಗಳದಲ್ಲಿ ಹಾಸಿಕೊಂಡವನನ್ನು ರೋಗಿಯೆಂದು ಕರೆಯಲು ಯಾರಿಗೆ ಬಾಯಿ ಬಂದೀತು? ಭೂಕಂಪ ನಿಂತು ವರ್ಷಗಳುರುಳಿ, ಸಿಮೆಂಟಿನ ಮನೆ ಕಟ್ಟಿದ ಮೇಲೆಯೂ, ದಾರಿಯಲ್ಲಿ ಲಾರಿ ಹೋದದ್ದಕ್ಕೆ ಹಾಸಿಗೆಯಿಂದ ಜಿಗಿದು ಹೊರಕ್ಕೆ ಓಡುವವನ ವಿಷಯದಲ್ಲಿ ಮಾತ್ರ ಯೋಚಿಸಬೇಕಾಗುತ್ತದೆ. ಯುಕ್ತವಾದ ಭಯವು ಯಾವ ದಿನ, ಯಾವ ಗಳಿಗೆಯಲ್ಲಿ ಗಡಿ ದಾಟಿ ಅಯುಕ್ತವಾಯಿತೆಂದು ಗೆರೆ ಎಳೆದು ತೋರಿಸುವುದು ಯಾವ ಶಾಸ್ತ್ರಕ್ಕೂ ಸಾಧ್ಯವಾಗಿಲ್ಲ.

ಹೀಗೆ ಒಬ್ಬೊಬ್ಬನ ಎದೆಯೊಳಗೆ ಅಡಗಿದ ಅಂಜಿಕೆಗೆ ಮದ್ದುಂಟು, ಮನೆಯವರ ಕನಿಕರವುಂಟು. ಹೋಮರನು ಬಲ್ಲ ಫೋಬೊಸ್‌ಗೆ, ಗುಂಪಿನ ಮೈಯಲ್ಲಿ ಹೊಕ್ಕು ಓಡಿಸುವ ದೇವತೆಗೆ, ಯಾವ ವೈದ್ಯನೂ ಮಂಚ ಹಾಕಿ ಕಾದಿಲ್ಲ. ಅದು ಹಳೆಯ ಕಾವ್ಯದಲ್ಲಿಯೇ ಉಳಿಯಿತೆಂದು ತಿಳಿಯುವಂತಿಲ್ಲ. 2018ರ ಬೇಸಗೆಯಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿಯು ವಾಟ್ಸಾಪಿನ ಮೂಲಕ ದೇಶದ ಅನೇಕ ಕಡೆ ಹರಡಿ, ಮೇ ತಿಂಗಳಿನಲ್ಲಿ ಬೆಂಗಳೂರಿನಲ್ಲಿಯೇ ಒಬ್ಬಾತನ ಪ್ರಾಣವನ್ನು ತೆಗೆದಿತ್ತು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಐವರು ಅಲೆಮಾರಿಗಳನ್ನು ಜನ ಬಡಿದು ಕೊಂದಿದ್ದರು. ಜುಲೈ 13ರ ಶುಕ್ರವಾರ, ಬೀದರ ಜಿಲ್ಲೆಯ ಅಂದಿನ ಔರಾದ ತಾಲ್ಲೂಕಿಗೆ ಸೇರಿದ್ದ ಹಂದಿಕೇರಾ ಗ್ರಾಮಕ್ಕೆ ಸ್ನೇಹಿತನ ಮನೆಗೆಂದು ಹೈದರಾಬಾದಿನ ಕಡೆಯಿಂದ ಬಂದಿದ್ದ ಕೆಲವರು, ದಾರಿಯಲ್ಲಿ ಕಂಡ ಶಾಲೆಯ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ನೋಡಿದವರಿಗೆ ಸಂಶಯ ಹುಟ್ಟಿತು. ಮಾತಿಗೆ ಮಾತು ಬೆಳೆಯಿತು. ಬಂದವರು ಕಾರು ಹತ್ತಿ ಹೊರಟರು. ಅವರು ಹೊರಟದ್ದೇ ಅಪರಾಧಕ್ಕೆ ಪ್ರಮಾಣವೆನಿಸಿ, ಕಾರಿಗಿಂತ ವೇಗವಾಗಿ ಸಂದೇಶವು ಮುಂದಿನ ಮುರ್ಕಿ ಗ್ರಾಮವನ್ನು ಸೇರಿತು. ಅಲ್ಲಿ ದಾರಿಗೆ ಅಡ್ಡಗಟ್ಟಿದರು, ಕಾರು ಹಳ್ಳಕ್ಕೆ ಉರುಳಿತು, ನೂರಾರು ಜನ ಮೇಲೆ ಬಿದ್ದರು. ಒಬ್ಬ ತರುಣನು ಸತ್ತನು.

ಆ ಜನಸಮೂಹದಲ್ಲಿದ್ದವರು ಯಾರೂ ಹುಟ್ಟುಕೊಲೆಗಡುಕರಾಗಿರಲಿಲ್ಲ, ಬಹುಮಂದಿ ತಂದೆತಾಯಿಗಳು. ತಮ್ಮ ಮಕ್ಕಳಿಗೆ ಏನಾದೀತೋ ಎಂಬ ಅಂಜಿಕೆಯು ಒಬ್ಬನ ಎದೆಯಲ್ಲಿದ್ದಾಗ ಮಗುವಿನ ಕೈ ಹಿಡಿದುಕೊಳ್ಳುವಂತೆ ಮಾಡುತ್ತದೆ. ನೂರು ಎದೆಗಳಲ್ಲಿ ಏಕಕಾಲದಲ್ಲಿ ಹೊಕ್ಕಾಗ ಕೈಗೆ ಕಲ್ಲು ಕೊಡುತ್ತದೆ. ಕಾವ್ಯದ ಫೋಬೊಸ್ ಹಿಂದಕ್ಕೆ ಓಡಿಸುತ್ತಿದ್ದನು, ಇವನು ಮುಂದಕ್ಕೆ ಓಡಿಸಿದನು; ಇಷ್ಟೇ ವ್ಯತ್ಯಾಸ. ಹಗ್ಗದ ದೃಷ್ಟಾಂತವೂ ಇಲ್ಲಿ ಮತ್ತೊಂದು ಬಗೆಯಲ್ಲಿ ಸೋಲುತ್ತದೆ: ಫೋಬಿಯಾಗ್ರಸ್ತನು ದೀಪವಿದ್ದೂ ನಡುಗಿದನು, ಇಲ್ಲಿ ದೀಪ ತರಲು ಯಾರೂ ಒಪ್ಪಲಿಲ್ಲ. ಯಾರ ಮಗು ಕಾಣೆಯಾಗಿದೆ ಎಂಬ ಒಂದು ಪ್ರಶ್ನೆಯನ್ನು ಕೇಳಿದ್ದರೆ ಸಾಕಾಗಿತ್ತು. ಯಾರ ಮಗುವೂ ಕಾಣೆಯಾಗಿರಲಿಲ್ಲ.

ನಾಲ್ಕು ದಿನಗಳ ಮೇಲೆ, ಜುಲೈ 17ರಂದು, ಸರ್ವೋಚ್ಚ ನ್ಯಾಯಾಲಯವು ಗುಂಪುಹತ್ಯೆಗಳನ್ನು ತಡೆಯಲು ಪ್ರತಿ ಜಿಲ್ಲೆಯಲ್ಲಿಯೂ ಹಿರಿಯ ಪೋಲೀಸ್ ಅಧಿಕಾರಿಯೊಬ್ಬರನ್ನು ನೇಮಿಸತಕ್ಕದ್ದೆಂದು ಆದೇಶಿಸಿತು. ಅದೇ ತಿಂಗಳಿನಲ್ಲಿ ವಾಟ್ಸಾಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚಿಗೆ ಮುಂದಕ್ಕೆ ಕಳುಹಿಸಲಾಗದಂತೆ ಕಟ್ಟು ಹಾಕಿತು. ಮುರ್ಕಿಯ ಪ್ರಕರಣದಲ್ಲಿ ಸಂದೇಶ ಹರಡಿದ ಗುಂಪಿನ ನಿರ್ವಾಹಕನೂ ಸೇರಿ ಮೂವತ್ತಕ್ಕೂ ಮಿಕ್ಕಿ ಜನರನ್ನು ಬಂಧಿಸಿದರು. ಹಲ್ಲೆ ನಡೆದ ಆ ಸಂಜೆ ಮುರ್ಕಿಗೆ ಮೊದಲು ತಲುಪಿದ ಪೋಲೀಸರು ಕೈಬೆರಳೆಣಿಕೆಯಷ್ಟು ಮಂದಿ. ಅವರೂ ಹೆದರಿರಲೇಬೇಕು; ಆದರೆ ಓಡಲಿಲ್ಲ. ಕಾರಿನಲ್ಲಿದ್ದವರಿಗೂ ಗುಂಪಿಗೂ ನಡುವೆ ತಮ್ಮ ಮೈಯನ್ನೊಡ್ಡಿ, ತಾವೂ ಪೆಟ್ಟು ತಿಂದು ಗಾಯಗೊಂಡರು. ಕಾರಿನಲ್ಲಿದ್ದ ಉಳಿದವರು ಆಸ್ಪತ್ರೆ ಸೇರಿ ಬದುಕಿಕೊಂಡರು.